38 ಟಾರ್ಪಿಡೊ, ಒಂದು ರಿಜಿಸ್ಟರ್: ಕಾರವಾರದ ಮಳೆಗಾಲದ ಒಂದು ಪ್ರಕರಣ

ಜುಲೈ ತಿಂಗಳ ಒಂದು ರಾತ್ರಿ. ಕಾರವಾರದ ಕೋಡಿಬಾಗದಲ್ಲಿ ಅಕ್ಕೋರ ಮನೆ. ಹೊರಗೆ ಮಳೆ ಹಿಡಿದುಕೊಂಡಿತ್ತು. ಕರೆಂಟ್ ಹೋಗಿ ಟಿವಿ ಅರ್ಧಕ್ಕೆ ನಿಂತಿತ್ತು. ಸ್ಟೋರ್ ಮಾಮ ಮೊಬೈಲ್ ಟಾರ್ಚ್ ಹಚ್ಚಿದರು. ತೊಡೆಯ ಮೇಲಿದ್ದ ಉದ್ದನೆಯ ರಿಜಿಸ್ಟರ್ ತೆರೆದು, ಒಂದು ಗೆರೆ ಎಳೆದು, "ಇವತ್ತಿಗೆ ಮೂವತ್ತೊಂಬತ್ತು" ಎಂದರು.

ಅಷ್ಟೇ ಮಾತು. ಅದರಿಂದ ನಮ್ಮ ಆರು ಜನರ ಗುಂಪು ಎರಡು ವಾರ ಎರಡು ಹೋಳಾಯಿತು.

ಒಂದು ಧಾರಾವಾಹಿಯ ಕಥೆಯಲ್ಲಿ ತೂತು ಕಂಡರೆ ಅದನ್ನು ಪ್ರೀತಿಸುವವರು ಏನು ಮಾಡುತ್ತಾರೆ, ಯಾಕೆ ಅಷ್ಟು ಸಿಟ್ಟಾಗುತ್ತಾರೆ ಎಂದು ತಿಳಿಯಲು ನನಗೆ ಇದಕ್ಕಿಂತ ಒಳ್ಳೆಯ ಪ್ರಕರಣ ಸಿಕ್ಕಿಲ್ಲ. ನಾನೂ ಆ ಆರರಲ್ಲಿ ಒಬ್ಬ. ತಟಸ್ಥನಲ್ಲ. ನಡುವೆ ಒಂದು ಮೋಸವನ್ನೂ ಮಾಡಿದ್ದೇನೆ. ಅದು ಮುಂದೆ ಬರುತ್ತದೆ.

ನಾವು ನೋಡುತ್ತಿದ್ದದ್ದು 'ಸ್ಟಾರ್ ಟ್ರೆಕ್: ವಾಯೇಜರ್'. ಸ್ಟಾರ್ ಟ್ರೆಕ್ ಎಂಬ ಹೆಸರಿನ ಧಾರಾವಾಹಿಗಳು ಅಮೆರಿಕದಲ್ಲಿ 1966ರಿಂದ ಬರುತ್ತಿವೆ. ಒಂದು ಮುಗಿದರೆ ಇನ್ನೊಂದು, ನಡುವೆ ಸಿನಿಮಾಗಳು, ಎಲ್ಲವೂ ಒಂದೇ ಲೋಕದ ಕಥೆಗಳು. ವಾಯೇಜರ್ ಅವುಗಳಲ್ಲಿ ಒಂದು. 1995ರ ಜನವರಿಯಿಂದ 2001ರ ಮೇ ವರೆಗೆ ಏಳು ಸೀಸನ್, 172 ಕಂತು. ಕಥೆಯ ಮೂಲ ಸರಳ. ಒಂದು ಬಾಹ್ಯಾಕಾಶ ಹಡಗು ಯಾವುದೋ ಶಕ್ತಿಯ ಕೈಗೆ ಸಿಕ್ಕಿ ಮನೆಯಿಂದ 70,000 ಜ್ಯೋತಿರ್ವರ್ಷ ದೂರಕ್ಕೆ ಎಸೆಯಲ್ಪಡುತ್ತದೆ. ಸುಮಾರು 150 ಜನ. ಪೂರ್ತಿ ವೇಗದಲ್ಲಿ ಹೋದರೂ ಮನೆ ಸೇರಲು 75 ವರ್ಷ ಬೇಕು. ದಾರಿಯಲ್ಲಿ ಅವರದು ಅನ್ನುವ ಬಂದರಿಲ್ಲ, ರಿಪೇರಿ ಯಾರ್ಡ್ ಇಲ್ಲ, ಸಾಮಾನು ಕೊಡುವವರಿಲ್ಲ.

ಇದನ್ನು ಕೇಳಿಯೇ ಸ್ಟೋರ್ ಮಾಮ ಕುರ್ಚಿ ಮುಂದಕ್ಕೆ ಎಳೆದುಕೊಂಡದ್ದು.

ಮಾಮ ಬೈತಖೋಲ ಬಂದರಿನಲ್ಲಿ ಟ್ರಾಲ್ ಬೋಟುಗಳ ಸಾಮಾನು ಲೆಕ್ಕ ಬರೆಯುವವರು. ಡೀಸೆಲ್ ಎಷ್ಟು, ಐಸ್ ಎಷ್ಟು, ಕುಡಿಯುವ ನೀರು, ಅಕ್ಕಿ, ಗ್ಯಾಸ್ ಸಿಲಿಂಡರ್, ಹಗ್ಗ, ಬಲೆ. ಬೋಟು ಹೋಗುವಾಗ ಒಂದು ಗೆರೆ, ಬರುವಾಗ ಇನ್ನೊಂದು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ 61 ದಿನ ಅವರಿಗೆ ಕೆಲಸ ಕಡಿಮೆ. ಮೊದಲ ದಿನವೇ ಅವರು ಬೆರಳು ಮಡಚಿ ಎಣಿಸಿ, "172 ಕಂತು, 61 ದಿನ. ದಿನಕ್ಕೆ ಮೂರು ನೋಡಿದರೆ ಬೋಟು ಇಳಿಯುವ ಮೊದಲು ಮುಗೀತದೆ" ಎಂದರು. ನಾವು ನಕ್ಕೆವು. ಅವರು ನಗಲಿಲ್ಲ.

ಉಳಿದವರನ್ನು ಬೇಗ ಹೇಳಿಬಿಡುತ್ತೇನೆ. ಅಕ್ಕೋರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮನೆ, ಟಿವಿ, ಚಾ, ಬನ್ಸ್ ಎಲ್ಲ ಅವರದೇ. ಅವರ ತಂಗಿಯ ಮಗ ಎಂಜಿನಿಯರಿಂಗ್ ಓದುವ ಹುಡುಗ, ಪರೀಕ್ಷೆ ಮುಗಿಸಿ ಬಂದಿದ್ದ. ಎಲ್ಲರೂ ಅವನನ್ನು 'ತಮಾ' ಎಂದೇ ಕರೆಯುವುದು. ಮದುವೆ ವಿಡಿಯೊ ಎಡಿಟ್ ಮಾಡುವ ಹುಡುಗಿ ಒಬ್ಬಳು. ಶಿರಸಿ ಕಡೆಯಿಂದ ಬಂದು ಇಲ್ಲಿ ಕನ್ನಡ ಕಲಿಸುವ ಮಾಸ್ತರು ಒಬ್ಬರು. ಈ ಮಾಸ್ತರು ರಜೆ ಸಿಕ್ಕಿದರೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾರೆ. ಈ ಕಥೆಗೆ ಅದು ಬೇಕಾಗುತ್ತದೆ. ಮತ್ತೆ ನಾನು.

ತೂತು ಎಲ್ಲಿತ್ತು

ಮೊದಲ ಸೀಸನ್‌ನಲ್ಲಿ 'ದಿ ಕ್ಲೌಡ್' ಎಂಬ ಕಂತಿದೆ. ಹಡಗಿನಲ್ಲಿ ಶಕ್ತಿ ಕಡಿಮೆಯಾಗಿದೆ. ಕ್ಯಾಪ್ಟನ್ ಜೇನ್‌ವೇ ಉಳಿತಾಯಕ್ಕೆಂದು ತನ್ನ ಕಾಫಿಯನ್ನೇ ಬಿಟ್ಟಿದ್ದಾಳೆ. ಆಮೇಲೆ ಒಂದು ದೊಡ್ಡ ಮೋಡದಂಥ ನೀಹಾರಿಕೆ ಕಾಣುತ್ತದೆ. ಅಲ್ಲಿ ಶಕ್ತಿ ಸಿಗಬಹುದು. ಆ ಮೋಡದಲ್ಲಿ ಕಾಫಿ ಇದೆ ಎನ್ನುತ್ತಾಳೆ. ಅಕ್ಕೋರಿಗೆ ಅವಳು ಇಷ್ಟವಾದದ್ದು ಆ ಮಾತಿಗೇ. ಅದೇ ಕಂತಿನಲ್ಲಿ ಇನ್ನೊಂದು ಮಾತು ಬರುತ್ತದೆ. ಹಡಗಿನಲ್ಲಿ ಶತ್ರುವಿನ ಮೇಲೆ ಹಾರಿಸಲು ಇರುವುದು 38 ಫೋಟಾನ್ ಟಾರ್ಪಿಡೊ ಮಾತ್ರ. ಖರ್ಚಾದರೆ ಮತ್ತೆ ತುಂಬಿಕೊಳ್ಳುವ ದಾರಿ ಇಲ್ಲ.

ಮಾಮ ಅಲ್ಲೇ ಟಿವಿ ನಿಲ್ಲಿಸಲು ಹೇಳಿ ಬರೆದುಕೊಂಡರು. 'ಓಪನಿಂಗ್: 38. ಆವಕ: ಇಲ್ಲ.'

ಅಲ್ಲಿಂದ ಏಳನೇ ಸೀಸನ್ ಮುಗಿಯುವ ತನಕ ಆ ಹಡಗು ಟಾರ್ಪಿಡೊ ಹೊಡೆಯುತ್ತಲೇ ಇರುತ್ತದೆ. ಯಾರೂ ಎಷ್ಟು ಉಳಿಯಿತು ಎಂದು ಕೇಳುವುದಿಲ್ಲ. ಲೋಕದ ಎಷ್ಟೋ ಕಡೆ ಅಭಿಮಾನಿಗಳು ಇದನ್ನು ಕೂತು ಎಣಿಸಿದ್ದಾರೆ. ಎಲ್ಲರ ಲೆಕ್ಕವೂ 38ನ್ನು ಎಂದೋ ದಾಟುತ್ತದೆ. ಆದರೆ ಇಬ್ಬರ ಲೆಕ್ಕ ಒಂದೇ ಆಗುವುದು ಕಷ್ಟ. ಯಾಕೆಂದು ನಮಗೆ ಮಾಮನ ರಿಜಿಸ್ಟರ್ ನೋಡಿ ಗೊತ್ತಾಯಿತು.

ಎಣಿಕೆಯೇ ಒಂದು ದೊಡ್ಡ ವಿದ್ಯೆ. ತೆರೆಯ ಮೇಲೆ ಕೆಂಪು ಉಂಡೆ ಹಾರಿದರೆ ಒಂದು ಗೆರೆ, ಸರಿ. ಕ್ಯಾಪ್ಟನ್ "ಫೈರ್" ಎಂದಳು, ಹಡಗು ಅಲುಗಿತು, ಆದರೆ ಹಾರಿದ್ದನ್ನು ತೋರಿಸಲಿಲ್ಲ. ಈಗ? ಮಾಮ ಅದಕ್ಕೆ ಚುಕ್ಕೆ ಇಡುತ್ತಿದ್ದರು. ಕನಸಿನಲ್ಲಿ ಹೊಡೆದದ್ದು, ಸಿಮ್ಯುಲೇಶನ್‌ನಲ್ಲಿ ಹೊಡೆದದ್ದು ಲೆಕ್ಕಕ್ಕಿಲ್ಲ. ಕಾಲ ಹಿಂದಕ್ಕೆ ಹೋಗಿ ಘಟನೆಯೇ ಅಳಿಸಿಹೋದರೆ ಆ ಟಾರ್ಪಿಡೊ ಸ್ಟೋರ್‌ಗೆ ವಾಪಸ್. ಇದಕ್ಕೆ ಅವರು ಬೇರೆ ಕಾಲಮ್ ಮಾಡಿದರು: 'ಹೋಗಿ ಬಂದದ್ದು.' 1999ರ 'ಡಾರ್ಕ್ ಫ್ರಾಂಟಿಯರ್'ನಲ್ಲಿ ಟಾರ್ಪಿಡೊವನ್ನು ಹಾರಿಸುವುದೇ ಇಲ್ಲ. ಶತ್ರು ಹಡಗಿನ ಒಳಗೆ ನೇರ ಕಳಿಸಿಬಿಡುತ್ತಾರೆ. ಮಾಮ ಒಂದು ನಿಮಿಷ ಯೋಚಿಸಿ, "ಹೊಡೆದರೇನು, ಕೊಟ್ಟರೇನು, ಸ್ಟೋರ್‌ನಿಂದ ಹೋಯ್ತಲ್ಲ" ಎಂದು ಗೆರೆ ಎಳೆದರು.

ಈ ನಡುವೆ ಎಡಿಟರ್ ಹುಡುಗಿ ಒಂದು ಹುಳ ಬಿಟ್ಟಳು. "ಮಾಮಾ, ಈ ಶಾಟ್ ನೋಡಿ. ಹೋದ ವಾರ ತೋರಿಸಿದ್ದೇ ಇದು. ಅದೇ ಕೋನ, ಅದೇ ಬೆಳಕು. ತೆಗೆದದ್ದನ್ನೇ ಮತ್ತೆ ಹಾಕಿದ್ದಾರೆ. ಇದು ಒಂದಾ, ಎರಡಾ?"

ಮಾಮ ಪೆನ್ ಮುಚ್ಚಿ ಅವಳನ್ನು ನೋಡಿದರು. ಬಿರುಕು ಅಲ್ಲೇ ಶುರುವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಇಬ್ಬರೂ ಸರಿ, ಆದರೆ ಪ್ರಶ್ನೆ ಬೇರೆ

ಮೂವತ್ತೊಂಬತ್ತರ ರಾತ್ರಿಗೆ ಬರುತ್ತೇನೆ.

ಮಾಮ ಸಂಖ್ಯೆ ಹೇಳಿದ ಕೂಡಲೇ ತಮ ಹಡಗಿನ ಪರ ನಿಂತ. ಫೋಟಾನ್ ಟಾರ್ಪಿಡೊ ಎಂದರೆ ದ್ರವ್ಯ ಮತ್ತು ಪ್ರತಿದ್ರವ್ಯ ಡಿಕ್ಕಿ ಹೊಡೆದು ಸಿಡಿಯುವ ಅಸ್ತ್ರ. ಆ ಹಡಗಿನ ಎಂಜಿನ್ ಓಡುವುದೂ ಅದೇ ಪ್ರತಿದ್ರವ್ಯದಿಂದ. ಅಂದರೆ ಮದ್ದು ಅವರ ಹತ್ತಿರ ಇದೆ. ಬೇಕಾದದ್ದು ಕವಚ, ಅದನ್ನು ಮಾಡಿಕೊಳ್ಳಬಹುದು. ಐದನೇ ಸೀಸನ್‌ನಲ್ಲಿ ಅವರೇ ಕೂತು 'ಡೆಲ್ಟಾ ಫ್ಲೈಯರ್' ಎಂಬ ಇಡೀ ಸಣ್ಣ ಹಡಗನ್ನೇ ಕಟ್ಟುತ್ತಾರಲ್ಲ? ಅದನ್ನು ಕಟ್ಟಿದವರಿಗೆ ಟಾರ್ಪಿಡೊ ಯಾವ ಲೆಕ್ಕ?

"ಹಾಗಾದರೆ ಹೇಳಬೇಕಿತ್ತು" ಎಂದರು ಮಾಮ. "ದಾರಿ ಇಲ್ಲ ಅಂದವರು ಅವರೇ. ದಾರಿ ಸಿಕ್ಕಿದರೆ ಹೇಳಬೇಕಾದವರೂ ಅವರೇ."

ಎಡಿಟರ್ ಹುಡುಗಿ ಅಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ, "ಮಾಮಾ, ಅಲ್ಲಿ ಟಾರ್ಪಿಡೊನೂ ಇಲ್ಲ, ಸ್ಟೋರೂ ಇಲ್ಲ. ಬರೆಯುವವರ ಕೋಣೆ ಇದೆ, ಅಷ್ಟೇ. ಬರೆದವರಿಗೇ ನೆನಪಿಲ್ಲ. ಯಾರೂ ಇಡದ ಲೆಕ್ಕ ನೀವೊಬ್ಬರೇ ಯಾಕೆ ಇಡ್ತೀರಿ?" ಎಂದಳು.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಮಾಮ ರಿಜಿಸ್ಟರ್ ಮುಚ್ಚಿದರು. ಕೊಡೆ ತೆಗೆದುಕೊಂಡರು. ಬಾಗಿಲಲ್ಲಿ ನಿಂತು ಹೇಳಿದ್ದು ಅಷ್ಟು ಬೇಗ ಮರೆಯುವ ಮಾತಲ್ಲ. ಎಷ್ಟೋ ವರ್ಷದ ಹಿಂದೆ ಅವರು ಲೆಕ್ಕ ಬರೆಯುತ್ತಿದ್ದ ಬೋಟಿನಲ್ಲಿ ಒಂದು ಬ್ಯಾರಲ್ ಡೀಸೆಲ್ ಕಡಿಮೆ ಬಂತಂತೆ. ಪುಸ್ತಕದಲ್ಲಿ ಇದೆ, ಬೋಟಿನಲ್ಲಿ ಇಲ್ಲ. ಮಾಲೀಕರು ಮೂರು ತಿಂಗಳು ಪಗಾರದಲ್ಲಿ ಮುರಿದುಕೊಂಡರು. "ಒಂದು ಬ್ಯಾರಲಿಗೆ ನನ್ನನ್ನು ಕಳ್ಳ ಅಂದರು. ಇಲ್ಲಿ ಇಷ್ಟು ಟಾರ್ಪಿಡೊ ಎಲ್ಲಿಂದ ಬಂತು ಅಂತ ಕೇಳಿದರೆ ನಾನು ಮಳ್ಳನಾ?"

ಮರುದಿನ ಹುಡುಗಿ ಬರಲಿಲ್ಲ. ಮಾಮ ಬಂದರು, ಆದರೆ ಅವಳು ಬಂದರೆ ತಾನು ಬರುವುದಿಲ್ಲ ಎಂದು ಅಕ್ಕೋರಿಗೆ ಹೇಳಿದ್ದರು.

ನನ್ನ ಲೆಕ್ಕದಲ್ಲಿ ಇಬ್ಬರೂ ಸರಿ. ಆದರೆ ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ. ಮಾಮ ಕೇಳುತ್ತಿದ್ದದ್ದು ಆ ಹಡಗಿನ ಒಳಗೆ ಏನಾಯಿತು ಎಂದು. ಹುಡುಗಿ ಹೇಳುತ್ತಿದ್ದದ್ದು ಆ ಸ್ಟುಡಿಯೊದ ಒಳಗೆ ಏನಾಯಿತು ಎಂದು. ಸ್ಟುಡಿಯೊದ ಕಾರಣ ಗುಟ್ಟೇನಲ್ಲ. ಆ ಕಾಲದ ಅಮೆರಿಕದಲ್ಲಿ ಇಂಥ ಧಾರಾವಾಹಿಗಳನ್ನು ಆಮೇಲೆ ಬೇರೆ ಬೇರೆ ಚಾನೆಲ್‌ಗಳಿಗೆ ಮರುಪ್ರಸಾರಕ್ಕೆ ಮಾರುತ್ತಿದ್ದರು. ನೋಡುವವನು ಯಾವ ಕಂತಿನಿಂದ ಶುರು ಮಾಡಿದರೂ ಅರ್ಥವಾಗಬೇಕು. ಹಾಗಾಗಿ ಕಂತು ಮುಗಿಯುವಾಗ ಹಡಗು ಮೊದಲಿನ ಹಾಗೇ ಇರಬೇಕು. ಮುರಿದದ್ದು ಮುಂದಿನ ವಾರಕ್ಕೆ ಸರಿಯಾಗಿರಬೇಕು. ಅಂಥ ಕಡೆ '38ರಲ್ಲಿ ಈಗ 11 ಉಳಿದಿವೆ' ಎನ್ನುವ ಮಾತಿಗೆ ಜಾಗ ಇಲ್ಲ.

1997ರ 'ಇಯರ್ ಆಫ್ ಹೆಲ್' ಎಂಬ ಎರಡು ಕಂತು ಇದಕ್ಕೆ ಒಳ್ಳೆಯ ಸಾಕ್ಷಿ. ಅದರಲ್ಲಿ ಹಡಗು ತಿಂಗಳುಗಟ್ಟಲೆ ಪೆಟ್ಟು ತಿನ್ನುತ್ತದೆ. ಗೋಡೆ ಕಿತ್ತುಬರುತ್ತದೆ. ಹೆಚ್ಚಿನ ಜನ ಹಡಗು ಬಿಟ್ಟು ಹೋಗುತ್ತಾರೆ. ಕೊನೆಗೆ ಕಾಲವೇ ಹಿಂದಕ್ಕೆ ತಿರುಗಿ ಎಲ್ಲ ಫಳಫಳ. ಮಾಮನಿಗೆ ಅದು ಇಡೀ ಧಾರಾವಾಹಿಯಲ್ಲೇ ಹೆಚ್ಚು ಇಷ್ಟವಾದದ್ದು ಮತ್ತು ಹೆಚ್ಚು ಸಿಟ್ಟು ತರಿಸಿದ್ದು. 'ಹೋಗಿ ಬಂದದ್ದು' ಕಾಲಮ್ ಹುಟ್ಟಿದ್ದೂ ಆ ದಿನವೇ.

ಆದರೆ ಈ ಕಾರಣ ಎಷ್ಟೇ ನಿಜವಾದರೂ ಅದು ಕಥೆಯ ಒಳಗಿನ ಉತ್ತರವಲ್ಲ. ಮಗು ಚಂದ್ರ ಯಾಕೆ ನಮ್ಮ ಜೊತೆ ಬರುತ್ತಾನೆ ಎಂದು ಕೇಳಿದಾಗ, ನಿನ್ನ ಕಣ್ಣು ಹಾಗೆ ನೋಡುತ್ತದೆ ಎಂದ ಹಾಗೆ. ಸರಿಯೇ, ಆದರೆ ಮಗುವಿನ ಮುಖ ಸಣ್ಣದಾಗುತ್ತದೆ.

ನನ್ನ ಮೋಸ

ಗುಂಪು ಮುರಿದ ಮೂರನೇ ದಿನ ನಾನು ರಾಜಿ ಮಾಡಿಸಲು ಹೋದೆ. ಮಾಮನಿಗೆ ಹೇಳಿದೆ: "ಒಂದು ಕಾದಂಬರಿಯಲ್ಲಿ ಇದೆಯಂತೆ ಮಾಮಾ. ದಾರಿಯಲ್ಲಿ ಒಂದು ಗ್ರಹದವರ ಜೊತೆ ವ್ಯಾಪಾರ ಮಾಡಿ ಟಾರ್ಪಿಡೊ ತುಂಬಿಸಿಕೊಂಡರಂತೆ." ಅಂಥದ್ದನ್ನು ನಾನು ಓದಿಯೇ ಇರಲಿಲ್ಲ. ಸುಮ್ನೆ ಕಟ್ಟಿದ್ದು. ಬಾಯಿ ಮುಚ್ಚಿದರೆ ಸಾಕು ಅಂತ.

ಮಾಮ ಕೇಳಿದ್ದು ಒಂದೇ. "ಬಿಲ್ ಎಲ್ಲಿದೆ?"

ತಮ ಅದನ್ನು ಅಭಿಮಾನಿಗಳ ಭಾಷೆಯಲ್ಲಿ ಹೇಳಿದ. ಸ್ಟಾರ್ ಟ್ರೆಕ್‌ನಲ್ಲಿ ಅಧಿಕೃತ ಎಂದರೆ ಧಾರಾವಾಹಿ ಮತ್ತು ಸಿನಿಮಾಗಳಲ್ಲಿ ತೆರೆಯ ಮೇಲೆ ಬಂದದ್ದು. ಕಾದಂಬರಿ, ಕಾಮಿಕ್ಸ್ ಎಷ್ಟೇ ಚೆನ್ನಾಗಿದ್ದರೂ ಆ ಪಟ್ಟಿಯಲ್ಲಿಲ್ಲ. ಅಂದರೆ ನನ್ನ ಸುಳ್ಳು ಸತ್ಯವೇ ಆಗಿದ್ದರೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಎರಡು ಸಲ ಸೋತೆ.

ಮಾಸ್ತರು ಅಲ್ಲಿ ಮೊದಲ ಬಾರಿಗೆ ಬಾಯಿ ಬಿಟ್ಟರು. "ಇದು ನಮಗೆ ಹೊಸತಲ್ಲ" ಎಂದರು.

ತಾಳಮದ್ದಳೆ ಗೊತ್ತಿಲ್ಲದವರಿಗೆ ಎರಡು ಮಾತು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ಆ ಪದ್ಯವನ್ನು ಹಿಡಿದು ಪಾತ್ರವಾಗಿ ಮಾತಾಡುತ್ತಾರೆ. ಪದ್ಯ ಬರೆದಿಟ್ಟದ್ದು. ಮಾತು ಅಲ್ಲೇ ಹುಟ್ಟುವುದು. ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆ ರಾತ್ರಿ ಪೂರ್ತಿ ನಡೆಯುವುದಿದೆ. ಅಲ್ಲಿ ಎಳೆದಾಡುವುದು ಹೆಚ್ಚಾಗಿ ಪುರಾಣದ ತೂತುಗಳನ್ನೇ. ರಾಮ ಮರದ ಮರೆಯಲ್ಲಿ ನಿಂತು ವಾಲಿಗೆ ಯಾಕೆ ಬಾಣ ಬಿಟ್ಟ? ವಾಲಿಯ ಅರ್ಥಧಾರಿ ಗಟ್ಟಿಗನಾದರೆ ಸಭೆ ಅವನ ಕಡೆಗೇ ವಾಲುತ್ತದೆ. ರಾಮನ ಪಾತ್ರದವರು ಬೆವರು ಒರೆಸಿಕೊಳ್ಳಬೇಕು. ಆದರೆ ಎಷ್ಟು ಗೆದ್ದರೂ ವಾಲಿ ಸಾಯಲೇಬೇಕು. ಪದ್ಯ ಹಾಗಿದೆ.

"ತೆರೆಯ ಮೇಲೆ ಬಂದದ್ದು ಪದ್ಯ" ಎಂದರು ಮಾಸ್ತರು. "ಅದನ್ನು ಮುಟ್ಟುವ ಹಾಗಿಲ್ಲ. 38 ಅಂದದ್ದೂ ಪದ್ಯ, 39 ಹೊಡೆದದ್ದೂ ಪದ್ಯ. ನಡುವಿನದ್ದು ಅರ್ಥ. ಅದು ನಮ್ಮದು. ಇವರು ಈಗ ಮಾಡಿದ್ದು ಪದ್ಯವನ್ನೇ ಕಟ್ಟಿದ್ದು. ಅದು ಮೋಸ."

ಇವರು ಎಂದರೆ ನಾನು.

ಆ ರಾತ್ರಿ ನಾವು ಸ್ಟಾರ್ ಟ್ರೆಕ್ ಲೋಕದ ಹಳೆಯ ತೂತುಗಳನ್ನು ಈ ತಕ್ಕಡಿಯಲ್ಲಿ ತೂಗಿ ನೋಡಿದೆವು. ಖಾನ್ ಎಂಬ ಖಳ 1967ರ ಒಂದು ಕಂತಿನಲ್ಲಿ ಬರುತ್ತಾನೆ. ಚೆಕಾವ್ ಎಂಬ ಅಧಿಕಾರಿಯ ಪಾತ್ರ ಆಗ ಇನ್ನೂ ಧಾರಾವಾಹಿಗೆ ಬಂದಿರಲಿಲ್ಲ. ಆದರೆ 1982ರ ಸಿನಿಮಾದಲ್ಲಿ ಖಾನ್ ಚೆಕಾವ್‌ನ ಮುಖ ನೋಡಿದ ಕೂಡಲೇ ಗುರುತು ಹಿಡಿಯುತ್ತಾನೆ. ಇದು ಸಣ್ಣ ತೂತು. ಹಡಗು ದೊಡ್ಡದು, ಚೆಕಾವ್ ಬೇರೆ ಕಡೆ ಕೆಲಸದಲ್ಲಿದ್ದ, ಅಷ್ಟೇ. ಚೆಕಾವ್ ಪಾತ್ರ ಮಾಡಿದ ವಾಲ್ಟರ್ ಕೋನಿಗ್, ತಾನು ಶೌಚಾಲಯದಲ್ಲಿದ್ದು ಖಾನ್‌ನನ್ನು ಹೊರಗೆ ಕಾಯಿಸಿದ್ದೆ ಎಂದು ಅಭಿಮಾನಿಗಳಿಗೆ ತಮಾಷೆ ಮಾಡುತ್ತಿದ್ದರು. ಮಾಸ್ತರು ಇದಕ್ಕೆ ಪೂರ್ತಿ ಅಂಕ ಕೊಟ್ಟರು. ಹಾಸ್ಯಗಾರನ ಅರ್ಥವೂ ಅರ್ಥವೇ.

ಕ್ಲಿಂಗಾನರು ಎಂಬ ಅನ್ಯಗ್ರಹದ ಜನರ ಹಣೆ ಇನ್ನೂ ಮಜಾ. ಮೊದಲ ಧಾರಾವಾಹಿಯಲ್ಲಿ ಈ ಜನಕ್ಕೆ ಹೆಚ್ಚುಕಮ್ಮಿ ನಮ್ಮಂಥದ್ದೇ ಹಣೆ. ಮೇಕಪ್‌ಗೆ ಅಷ್ಟು ದುಡ್ಡಿರಲಿಲ್ಲ. 1979ರ ಸಿನಿಮಾದಲ್ಲಿ ಒಮ್ಮೆಲೇ ಹಣೆಯ ಮೇಲೆ ಏಣು ಏಣು ಮೂಳೆ. 1996ರಲ್ಲಿ 'ಡೀಪ್ ಸ್ಪೇಸ್ ನೈನ್' ಎಂಬ ಇನ್ನೊಂದು ಸ್ಟಾರ್ ಟ್ರೆಕ್ ಧಾರಾವಾಹಿಯ ಪಾತ್ರಗಳು ಕಾಲದಲ್ಲಿ ಹಿಂದಕ್ಕೆ ಹೋಗಿ ಹಳೆಯ ಕ್ಲಿಂಗಾನರನ್ನು ಕಣ್ಣಾರೆ ನೋಡುತ್ತವೆ. ಎಲ್ಲರೂ ತಮ್ಮ ಜೊತೆಗಿದ್ದ ಕ್ಲಿಂಗಾನ್ ಕಡೆ ತಿರುಗುತ್ತಾರೆ. ಅದನ್ನು ನಾವು ಹೊರಗಿನವರ ಜೊತೆ ಮಾತಾಡುವುದಿಲ್ಲ ಎನ್ನುತ್ತಾನೆ ಅವನು. 2005ರಲ್ಲಿ ಇನ್ನೊಂದು ಧಾರಾವಾಹಿ ಎರಡು ಕಂತು ಖರ್ಚು ಮಾಡಿ, ವೈರಸ್ಸು, ಜೀನು ಎಂದು ಪೂರ್ತಿ ಕಾರಣ ಕೊಟ್ಟಿತು. ತಮನಿಗೆ ಎರಡನೆಯದು ಇಷ್ಟ. ಉಳಿದ ನಮಗೆಲ್ಲ ಮೊದಲನೆಯದೇ. ಆ ಒಂದು ಸಾಲಿನಲ್ಲಿ ಮನೆಯ ಮಾನ ಕಾಪಾಡುವ ಹಿರಿಯನ ಮುಖ ಕಾಣುತ್ತದೆ, ಅಲ್ವಾ?

ನನಗೆ ಏನೋ ಹೊಳೆದದ್ದು ಇಲ್ಲೇ. ಹಣೆಯ ತೂತು 17 ವರ್ಷ ಕಾಡಿದ್ದು ಯಾಕೆಂದರೆ ಕಥೆಯೊಳಗೆ ಯಾರಿಗೂ ಅದು ಕಾಣಲೇ ಇಲ್ಲ. ಒಬ್ಬರು ತಿರುಗಿ ನೋಡಿದರು, ಸಾಕಾಯಿತು. ಉತ್ತರವನ್ನೂ ಕೊಡಬೇಕಿರಲಿಲ್ಲ. ಮಾಸ್ತರು ದ್ರೌಪದಿಯನ್ನು ನೆನಪಿಸಿದರು. ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕೆಲ್ಲಿ ಎಂದು ಅವಳು ಸಭೆಯಲ್ಲಿ ಕೇಳುತ್ತಾಳೆ. ಭೀಷ್ಮ ಧರ್ಮ ಸೂಕ್ಷ್ಮ ಎಂದು ತಡವರಿಸುತ್ತಾನೆ. ನೇರ ಉತ್ತರ ಸಿಗುವುದಿಲ್ಲ. ಹಾಗಂತ ಯಾರೂ ಅದನ್ನು ಕಥೆಯ ತೂತು ಎನ್ನುವುದಿಲ್ಲ. ಅವಳು ಕೇಳದೇ ಇದ್ದಿದ್ದರೆ, ಆ ಪ್ರಶ್ನೆ ಕೇಳುಗನ ತಲೆಯಲ್ಲಿ ಮಾತ್ರ ಹುಟ್ಟಿದ್ದರೆ, ಆಗ ತೂತು.

ಮಾಮನ ಸಿಟ್ಟೂ ಅದೇ. 150 ಜನರಲ್ಲಿ ಒಬ್ಬನಾದರೂ ಕೇಳಬಾರದಿತ್ತಾ?

ಆ ವಾರವೇ ಆರನೇ ಸೀಸನ್‌ನ 'ದಿ ವಾಯೇಜರ್ ಕಾನ್ಸ್‌ಪಿರಸಿ' ಬಂತು. ಸೆವೆನ್ ಆಫ್ ನೈನ್ ಎಂಬ ಪಾತ್ರ ಹಡಗಿನ ಇಡೀ ದಾಖಲೆಯನ್ನು ತನ್ನ ತಲೆಗೆ ತುಂಬಿಸಿಕೊಳ್ಳುತ್ತದೆ. ಆಮೇಲೆ ಹಳೆಯ ಘಟನೆಗಳಲ್ಲಿ ಹೊಂದದ್ದನ್ನೆಲ್ಲ ಹೆಕ್ಕಿ ಹೆಕ್ಕಿ ಪೋಣಿಸುತ್ತದೆ. ಮೊದಲ ಕಂತಿನಲ್ಲಿ ಬಳಸಿದ ವಿಶೇಷ ಸಿಡಿತಲೆಗಳು ಈ ಹಡಗಿನಲ್ಲಿ ಯಾಕಿದ್ದವು ಎಂಬ ಪ್ರಶ್ನೆಯನ್ನೂ ಎತ್ತುತ್ತದೆ. ಕ್ಯಾಪ್ಟನ್‌ಗೆ ಒಂದು ಕಥೆ, ಉಪ ಕ್ಯಾಪ್ಟನ್‌ಗೆ ಇನ್ನೊಂದು. ಇಬ್ಬರೂ ಒಬ್ಬರನ್ನೊಬ್ಬರು ಅನುಮಾನಿಸುವ ಹಾಗೆ ಮಾಡುತ್ತದೆ. ತೂತು ಹುಡುಕುವ ನಮ್ಮಂಥವರನ್ನೇ ಬರೆದವರು ಚಿವುಟಿದ ಹಾಗಿತ್ತು. ಮಾಮ ಕಣ್ಣು ಮಿಟುಕಿಸದೆ ನೋಡಿದರು. ಮುಗಿದ ಮೇಲೆ, "ಇವಳು ಎಲ್ಲ ಕೇಳಿದಳು. ಟಾರ್ಪಿಡೊ ಕೇಳಲಿಲ್ಲ" ಎಂದರು.

ಚಪಲ್ ಎದುರು

ಹುಡುಗಿಯನ್ನು ಮತ್ತೆ ಕರೆತಂದದ್ದು ಅಕ್ಕೋರು. ಮಳೆ ಬಿಟ್ಟಿದ್ದ ಒಂದು ಸಂಜೆ ಎಲ್ಲರನ್ನೂ ಟಾಗೋರ್ ಕಡಲತೀರಕ್ಕೆ ಬರಹೇಳಿದರು, ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ. ಅಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ಯುದ್ಧನೌಕೆ ಇದೆಯಲ್ಲ, ಅದರ ಎದುರು. ಹೆಸರು ಕೇಳಿದರೆ ಮಾತಿನ ಚಪಲದವರಿಗೆಂದೇ ಇಟ್ಟ ಜಾಗ.

ಮಾಮ ಹುಡುಗಿಯ ಕಡೆ ನೋಡದೆ ಹಡಗಿನ ಕಡೆ ಕೈ ತೋರಿಸಿ ಎಣಿಸಿದರು. ಆಚೆ ಎರಡು, ಈಚೆ ಎರಡು, ಒಟ್ಟು ನಾಲ್ಕು ಕ್ಷಿಪಣಿ ಪೆಟ್ಟಿಗೆ. "ನಾಲ್ಕು ಹೊಡೆದರೆ ಮುಗೀತು. ವಾಪಸ್ ಬರಲೇಬೇಕು. ಇದು ಹಡಗು."

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಮಾ, ಅಲ್ಲಿಯೂ ಒಬ್ಬರು ನಿಮ್ಮ ಹಾಗೇ ಸಿಟ್ಟಾಗಿದ್ರು" ಎಂದಳು. ರೊನಾಲ್ಡ್ ಮೂರ್ ಎಂಬ ಬರಹಗಾರ. ಸ್ಟಾರ್ ಟ್ರೆಕ್‌ನಲ್ಲಿ ವರ್ಷಗಟ್ಟಲೆ ಬರೆದವರು. 1999ರಲ್ಲಿ ವಾಯೇಜರ್‌ಗೆ ಬಂದು, ಸ್ವಲ್ಪವೇ ದಿನದಲ್ಲಿ ಬಿಟ್ಟುಹೋದರು. ಮನೆಯಿಂದ ಇಷ್ಟು ದೂರ ಸಿಕ್ಕಿಬಿದ್ದ ಹಡಗು ವಾರವಾರವೂ ಹೊಸದರ ಹಾಗೆ ಹೊಳೆಯುವುದು ಸುಳ್ಳು ಎಂಬುದು ಅವರ ದೂರು. ಆಮೇಲೆ 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' ಎಂಬ ಹಳೆಯ ಧಾರಾವಾಹಿಯನ್ನು ಹೊಸದಾಗಿ ಮಾಡಿದರು. ಅದರಲ್ಲಿ ನೀರು ಖಾಲಿಯಾಗುವುದೇ ಒಂದು ಕಂತಿನ ಕಥೆ. ಬದುಕಿ ಉಳಿದ ಮನುಷ್ಯರು ಎಷ್ಟು ಎಂಬ ಸಂಖ್ಯೆ ಹೆಸರು ತೋರಿಸುವ ಭಾಗದಲ್ಲೇ ಬರುತ್ತದೆ.

"ಸಂಖ್ಯೆ ತೋರಿಸ್ತಾರಾ?" ಎಂದು ಮಾಮ ತಿರುಗಿದರು. ಎರಡು ವಾರದ ನಂತರ ಅವಳ ಜೊತೆ ಆಡಿದ ಮೊದಲ ಮಾತು ಅದು. ಹುಡುಗಿ ತಪ್ಪಾಯ್ತು ಎನ್ನಲಿಲ್ಲ. ಮಾಮ ಕೇಳಲೂ ಇಲ್ಲ.

ಕೊನೆಯ ಶನಿವಾರ

ಜುಲೈ ಕೊನೆಯ ಶನಿವಾರ ಅಕ್ಕೋರ ಮನೆಯಲ್ಲಿ ತಾಳಮದ್ದಳೆ ಆಯಿತು. ಮದ್ದಳೆ ಇರಲಿಲ್ಲ, ತಮ ಸ್ಟೀಲ್ ಡಬ್ಬಿ ಬಡಿದ. ಮಾಸ್ತರು ಅಲ್ಲೇ ಎರಡು ಸಾಲು ಪದ ಕಟ್ಟಿ ರಾಗ ಎಳೆದರು:

ಮೂವತ್ತೆಂಟಸ್ತ್ರಗಳು ನೌಕೆಯೊಳಗುಂಟು
ತೀರಿ ಹೋದರೆ ಮತ್ತೆ ತರುವ ದಾರಿಯೆಲ್ಲುಂಟು

ಕ್ಯಾಪ್ಟನ್ ಜೇನ್‌ವೇ ಅಕ್ಕೋರು. ಅಸ್ತ್ರಗಳ ಹೊಣೆ ಹೊತ್ತ ಟುವಾಕ್ ಯಾರು ಎಂದು ಕೇಳುವುದೇ ಬೇಡ. ಟುವಾಕ್ ಭಾವನೆ ತೋರಿಸದ ಜನಾಂಗದವನು. ಮಾಮನಿಗೆ ಅದು ಐದು ನಿಮಿಷವೂ ಸಾಧ್ಯವಾಗಲಿಲ್ಲ.

"ಕ್ಯಾಪ್ಟನ್ನರೇ, ಉಗ್ರಾಣದ ಕೀಲಿಕೈ ನನ್ನ ಸೊಂಟದಲ್ಲಿದೆ. ಮೂವತ್ತೆಂಟು ಒಪ್ಪಿಸಿಕೊಂಡೆ. ನೀವು ಹೊಡೆ ಎಂದಾಗ ಹೊಡೆದೆ. ಈಗ ಕೊಠಡಿ ತೆರೆದರೆ ಇನ್ನೂ ತುಂಬಿದೆ. ಹೊಡೆದವನಿಗೇ ಗೊತ್ತಾಗದ ಹಾಗೆ ತುಂಬಿಸಿದವರು ಯಾರು? ನಾಳೆ ಊರು ಮುಟ್ಟಿದಾಗ ಲೆಕ್ಕ ಕೇಳಿದರೆ ಕಳ್ಳ ಅನ್ನಿಸಿಕೊಳ್ಳುವವನು ನಾನು ತಾನೆ?"

ಅಕ್ಕೋರು ಚಾ ಲೋಟ ಕೆಳಗಿಟ್ಟರು. "ಟುವಾಕಾ, ಲೆಕ್ಕ ಕೇಳುವುದು ನಿನ್ನ ಧರ್ಮ. ಆದರೆ ಆ ದಿನ ನನ್ನ ಹಡಗಿನಲ್ಲಿ 150 ಜೀವ ಇತ್ತು. ಮನೆಗೆ 75 ವರ್ಷದ ದಾರಿ. ಎಲ್ಲರ ಕೈಯಲ್ಲೂ ಗುಂಡಿ, ಎಲ್ಲರಿಗೂ ಒತ್ತುವ ಆತುರ. ಬೇಕಾದಷ್ಟು ಉಂಟು ಎಂದಿದ್ದರೆ ಒಂದು ವರ್ಷಕ್ಕೆ ಖಾಲಿ. ಹಾಗಾಗಿ ಮೂವತ್ತೆಂಟು ಎಂದೆ. ಇಲ್ಲ ಎಂದರೆ ತಾನೇ ಉಳಿಸುವುದು? ನಾನು ಕಾಫಿ ಬಿಟ್ಟದ್ದೂ ಅದಕ್ಕೇ. ಕಾಫಿ ಇರಲಿಲ್ಲ ಅಂತ ಅಲ್ಲ."

ತಮ ಡಬ್ಬಿ ಬಡಿಯುವುದನ್ನು ನಿಲ್ಲಿಸಿದ. ಮಾಮ ಟುವಾಕ್ ಆಗಿ ಉತ್ತರ ಕೊಡಲಿಲ್ಲ. ತುಂಬಾ ಹೊತ್ತು ಅಕ್ಕೋರನ್ನೇ ನೋಡಿದರು.

ಆಮೇಲೆ ಹೇಳಿದ್ದು ಇಷ್ಟು. ತಾಂಡೇಲ, ಅಂದರೆ ಬೋಟು ನಡೆಸುವವನು, ಯಾವಾಗಲೂ ಒಂದು ಬ್ಯಾರಲ್ ಕಡಿಮೆ ಹೇಳುತ್ತಾನೆ. ಇದ್ದದ್ದನ್ನೆಲ್ಲ ಹೇಳಿದರೆ ಹುಡುಗರು ಇನ್ನೂ ಸ್ವಲ್ಪ ಮುಂದೆ ಹೋಗುವಾ, ಇನ್ನೊಂದು ಬಲೆ ಹಾಕುವಾ ಎನ್ನುತ್ತಾರೆ. ಗಾಳಿ ತಿರುಗಿದರೆ ವಾಪಸ್ ಬರಲು ಆ ಮುಚ್ಚಿಟ್ಟದ್ದೇ ಗತಿ. ಬಂದರಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. "ನನ್ನ ಬ್ಯಾರಲ್ಲೂ ಹಾಗೇ ಹೋಗಿರಬಹುದು" ಎಂದರು. ಇಷ್ಟು ವರ್ಷ ಅದು ಹೊಳೆದಿರಲಿಲ್ಲವಂತೆ.

ಪದ್ಯಕ್ಕೆ ಎಲ್ಲೂ ಪೆಟ್ಟಾಗದ ಅರ್ಥ ಅದು ಎಂದು ಮಾಸ್ತರು ಎದ್ದು ನಿಂತು ಹೇಳಿದರು. ನನಗೂ ಪ್ರಕರಣ ಅಲ್ಲಿಗೆ ಮುಗಿಯಿತು ಅನ್ನಿಸಿತ್ತು. ಆದರೆ ಮಾಮ ಕನ್ನಡಕ ಹಾಕಿಕೊಂಡು ರಿಜಿಸ್ಟರ್ ತೆರೆದರು.

"ತಾಂಡೇಲ ಮುಚ್ಚಿಡುವುದು ಒಂದು ಬ್ಯಾರಲ್. ಹೆಚ್ಚೆಂದರೆ ಎರಡು. ಇವಳು ಮುಚ್ಚಿಟ್ಟದ್ದು ಹೇಳಿದ್ದಕ್ಕಿಂತ ಜಾಸ್ತಿ. ಅಷ್ಟು ಮುಚ್ಚಿಡಲು ಜಾಗ ಎಲ್ಲಿದೆ ಅಕ್ಕೋರೆ? ಕೀಲಿಕೈ ನನ್ನ ಹತ್ತಿರ ಇತ್ತಲ್ಲ?"

ಅಕ್ಕೋರಿಗೆ ನಗು ತಡೆಯಲಾಗಲಿಲ್ಲ. ಎಡಿಟರ್ ಹುಡುಗಿ ಮಾಮನ ಪಕ್ಕ ಹೋಗಿ ಕೂತು, ಮರುಬಳಕೆಯ ಶಾಟ್‌ಗಳಿಗೆ ಹಸಿರು ಇಂಕಿನಲ್ಲಿ ಬೇರೆ ಗುರುತು ಹಾಕಿಕೊಟ್ಟಳು. ಒಟ್ಟು ಸ್ವಲ್ಪ ಇಳಿಯಿತು. 38ಕ್ಕೆ ಇಳಿಯಲಿಲ್ಲ. ಮಾಮ ಪುಟದ ಕೆಳಗೆ 'ತಾಳೆ ಆಗಿಲ್ಲ' ಎಂದು ಬರೆದು ಸಹಿ ಮಾಡಿದರು.

ಕೊನೆಯ ಕಂತು ಜುಲೈ 31ರ ರಾತ್ರಿ ಮುಗಿಯಿತು. ಮರುದಿನ ಬೋಟುಗಳು ಇಳಿದವು. ಮಾಮ ನಾಲ್ಕು ದಿನ ಫೋನಿಗೂ ಸಿಗಲಿಲ್ಲ. ಐದನೇ ದಿನ ಸಂಜೆ ಬೈತಖೋಲದಿಂದ ನನಗೆ ಕರೆ ಬಂತು. ಹಿಂದೆ ಎಂಜಿನ್ ಸದ್ದು, ಯಾರೋ ಐಸ್ ಒಡೆಯುವ ಸದ್ದು.

"ಆ ಇನ್ನೊಂದು ಸೀರಿಯಲ್‌ನಲ್ಲಿ ಜನರ ಲೆಕ್ಕ ಇಡ್ತಾರೆ ಅಂದಳಲ್ಲ ಹುಡುಗಿ. ಬರೆಯುವವರು ಯಾರು?"

ನಾನು ಹುಡುಗಿಯನ್ನು ಕೇಳಿ ತಿರುಗಿ ಫೋನ್ ಮಾಡಿದೆ. ಅಧ್ಯಕ್ಷೆಯೇ ತನ್ನ ಕೋಣೆಯ ಬಿಳಿ ಬೋರ್ಡಿನ ಮೇಲೆ ಬರೆಯುತ್ತಾಳಂತೆ, ಕೈಯಾರೆ. ಒಬ್ಬರು ಸತ್ತರೆ ಒರೆಸಿ ಮತ್ತೆ ಬರೆಯುತ್ತಾಳೆ.

"ಅಳಿಸ್ತಾಳಾ? ಹಳೆಯದು ಹೊಡೆದುಹಾಕಿ ಪಕ್ಕದಲ್ಲಿ ಬರೀಬೇಕು" ಎಂದರು ಮಾಮ. ಮತ್ತೆ, "ಇರಲಿ. ಬರುವ ಜೂನ್‌ಗೆ ನೋಡುವಾ."